ಸುಬ್‌ಹಿ ಬಾಂಗಿಗೂ ಶಾಲೆಯ ಗಂಟೆಗೂ ನಡುವೆ

ದಕ್ಷಿಣ ಕನ್ನಡದ ಒಂದು ದಅವಾ ಕಾಲೇಜಿನಲ್ಲಿ ಕೆಲವು ವರ್ಷ ಹಾಸ್ಟೆಲ್ ವಾರ್ಡನ್ ಆಗಿದ್ದೆ. ಬೆಳಗ್ಗೆ, ರಾತ್ರಿ ಉಸ್ತಾದರ ಮುಂದೆ ಕಿತಾಬ್, ಅಂದರೆ ಧಾರ್ಮಿಕ ಗ್ರಂಥಗಳ ಪಾಠ. ಹಗಲು ಹೈಸ್ಕೂಲ್, ಪಿಯುಸಿ ಪಾಠ. ಕೇರಳದ ಚೆಮ್ಮಾಡಿನಲ್ಲಿ 1986ರಲ್ಲಿ ಶುರುವಾದ ದಾರುಲ್ ಹುದಾದಂಥ ಸಂಸ್ಥೆಗಳು ನಡೆಸಿಕೊಂಡು ಬಂದ ಈ ಜೋಡಿ ಕಲಿಕೆ ನಮ್ಮ ಕರಾವಳಿಗೂ ಒಗ್ಗಿದೆ.

ನನ್ನ ಬಳಿ ಬರುತ್ತಿದ್ದ ದೂರುಗಳು ಸಾಮಾನ್ಯವಾಗಿ ಮೂರೇ: ಸುಬ್‌ಹಿ ಜಮಾಅತಿಗೆ (ಮುಂಜಾವಿನ ಸಾಮೂಹಿಕ ನಮಾಝಿಗೆ) ತಡ, ತರಗತಿಯಲ್ಲಿ ತೂಕಡಿಕೆ, ಹೋಂವರ್ಕ್ ಬಾಕಿ. ಮೂರೂ ಜೂನ್, ಜುಲೈಯಲ್ಲಿ ಹೆಚ್ಚುತ್ತಿದ್ದವು, ಚಳಿಗಾಲದಲ್ಲಿ ಇಳಿಯುತ್ತಿದ್ದವು. ನಮಾಝಿನ ಸಮಯಪಟ್ಟಿ ತೆಗೆದು ನೋಡಿದರೆ ಉತ್ತರ ಅಲ್ಲೇ ಇತ್ತು. ಜನವರಿಯಲ್ಲಿ ಸುಬ್‌ಹಿ ಬಾಂಗ್ 5.30 ದಾಟಿ ಕೇಳಿಸಿದರೆ ಜೂನ್‌ನಲ್ಲಿ 5 ಗಂಟೆಗೂ ಮೊದಲೇ. ದಿನದ ಕೊನೆಯ ನಮಾಝಾದ ಇಶಾ ಮಾತ್ರ ಜೂನ್‌ನಲ್ಲಿ ರಾತ್ರಿ 8 ದಾಟುತ್ತದೆ. ಊಟ, ಕಿತಾಬ್ ಮರುಓದು ಮುಗಿಸಿ ಮಲಗುವಷ್ಟರಲ್ಲಿ ಮಕ್ಕಳ ನಿದ್ದೆಗೆ ಎರಡೂ ಕಡೆಯಿಂದ ಕತ್ತರಿ. ಶಾಲೆಯ ಗಂಟೆಯೋ, ವರ್ಷವಿಡೀ ಕದಲುವುದಿಲ್ಲ.

ಮಳೆಗಾಲದ ಮರುಓದನ್ನು ಇಶಾಕ್ಕಿಂತ ಮುಂಚೆ ತಂದೆವು. ಮಧ್ಯಾಹ್ನದ ಊಟದ ನಂತರ ಅರ್ಧ ಗಂಟೆ ಖೈಲೂಲಾ, ಅಂದರೆ ಮಧ್ಯಾಹ್ನದ ಕಿರುನಿದ್ದೆ. ಅದು ಸುನ್ನತ್ತೇ ಆದ್ದರಿಂದ ಉಸ್ತಾದರ್‍ಯಾರೂ ಆಕ್ಷೇಪಿಸಲಿಲ್ಲ. ತಡವಾಗಿ ಬರುವವರು ಬೆರಳೆಣಿಕೆಗೆ ಇಳಿದರು.

ಎರಡನೆಯ ತೊಡಕು ಎರಡು ಯಜಮಾನಿಕೆಯದು. ಒಂದೇ ತಪ್ಪಿಗೆ ಶಾಲೆಯಲ್ಲೊಮ್ಮೆ, ಕಿತಾಬ್ ಪಾಠದಲ್ಲೊಮ್ಮೆ ಶಿಕ್ಷೆ. ಹುಡುಗರೂ ಕಿಲಾಡಿಗಳೇ: ಮೇಷ್ಟ್ರಿಗೆ ‘ಕಿತಾಬ್ ಇತ್ತು’, ಉಸ್ತಾದರಿಗೆ ‘ಪರೀಕ್ಷೆ ಇತ್ತು’. ಇಬ್ಬರೂ ಬರೆಯುವ ಒಂದೇ ರಿಜಿಸ್ಟರ್ ಇಟ್ಟ ಮೇಲೆ ಇವೆರಡೂ ನಿಂತವು.

ಬೆತ್ತದ ವಿಷಯ ಅಷ್ಟು ಸುಲಭವಿರಲಿಲ್ಲ. “ಪೆಟ್ಟು ತಿಂದೇ ನಾವು ಓದಿದ್ದು ಸಾರ್” ಎನ್ನುತ್ತಿದ್ದರು ಹಿರಿಯ ಉಸ್ತಾದರೊಬ್ಬರು. 2009ರ ಶಿಕ್ಷಣ ಹಕ್ಕು ಕಾಯ್ದೆ ದೈಹಿಕ ಶಿಕ್ಷೆಯನ್ನು ನಿಷೇಧಿಸಿದೆಯಾದರೂ 2012ರ ತಿದ್ದುಪಡಿ ಮದ್ರಸಗಳನ್ನು ಅದರ ಹೊರಗಿಟ್ಟಿತು. ಹಾಗಾಗಿ ಆ ಕಾಯ್ದೆಯನ್ನು ಮುಂದಿಟ್ಟು ವಾದ ಗೆಲ್ಲುವಂತಿರಲಿಲ್ಲ. ನೆರವಿಗೆ ಬಂದದ್ದು ಇತಿಹಾಸಕಾರ ಇಬ್ನ್ ಖಲ್ದೂನ್. ಕಠೋರ ಶಿಕ್ಷೆ ಮಕ್ಕಳ ಹುರುಪು ಕೊಂದು ಸುಳ್ಳು, ಕಪಟ ಕಲಿಸುತ್ತದೆ ಎಂದು ಅವರು 1377ರಲ್ಲೇ ‘ಮುಖದ್ದಿಮಾ’ದಲ್ಲಿ ಬರೆದಿದ್ದರು. ಕಿತಾಬಿನ ಮಾತಿಗೆ ಕಿತಾಬಿನವರು ಕಿವಿಗೊಟ್ಟರು.

ಇಂಥ ಹಾಸ್ಟೆಲಿಗೆ ಹೊಸದಾಗಿ ಬರುವ ವಾರ್ಡನ್‌ಗೆ ನಾನು ಹೇಳುವುದಿಷ್ಟು: ಹುಡುಗನ ಹೆಸರನ್ನು ದೂರಿನ ಪುಸ್ತಕದಲ್ಲಿ ಬರೆಯುವ ಮುನ್ನ ಅವನು ರಾತ್ರಿ ಎಷ್ಟು ಹೊತ್ತು ಮಲಗಿದ್ದ ಎಂದು ಕೇಳಿ. ಕಳ್ಳಾಟ, ಜಗಳ, ಕಿರಿಯರ ಮೇಲಿನ ದಬ್ಬಾಳಿಕೆ ಬೇರೆ ಮಾತು. ಅವುಗಳ ವಿಚಾರಣೆ ಆಗಲೇಬೇಕು. ಆದರೆ ದಣಿವನ್ನೂ ಅಪರಾಧಗಳ ಪಟ್ಟಿಗೆ ಸೇರಿಸಿದರೆ ನಿಜವಾದ ಅಪರಾಧ ಕಣ್ಣಿಗೇ ಬೀಳುವುದಿಲ್ಲ.