ಮಲಗುವ ಮುನ್ನ 15 ನಿಮಿಷ: ಆಟಿಸಂ ಇರುವ ಮಗುವಿಗೆ ಮಸಾಜ್

ಆಟಿಸಂ ಇರುವ ಅನೇಕ ಮಕ್ಕಳಿಗೆ ಯಾರಾದರೂ ಮುಟ್ಟಿದರೆ ಆಗುವುದಿಲ್ಲ. ತಲೆ ಬಾಚಲು, ಉಗುರು ಕತ್ತರಿಸಲು ಹೋದರೆ ಚೀರುತ್ತಾರೆ. ಕೆಲವರಲ್ಲಿ ಇದು ತಿರುವುಮುರುವು: ಬಿದ್ದು ಮಂಡಿ ತರಚಿದರೂ ಅಳುವುದಿಲ್ಲ. ಇಂಥ ಮಕ್ಕಳಿಗೆ ಮಸಾಜ್‌ನಿಂದ ಉಪಯೋಗವಿದೆಯೇ?

ಸಂಶೋಧನೆ ಹೇಳುವುದೇನು?

ಅಮೆರಿಕದ ಮಯಾಮಿ ವಿಶ್ವವಿದ್ಯಾಲಯದಲ್ಲಿ ಟಿಫನಿ ಫೀಲ್ಡ್ ಅವರ ತಂಡ ನಡೆಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 3ರಿಂದ 6 ವರ್ಷದ 20 ಮಕ್ಕಳಿದ್ದರು. ಒಂದು ಗುಂಪಿನ ಮಕ್ಕಳಿಗೆ ಅಪ್ಪ ಅಥವಾ ಅಮ್ಮ ಒಂದು ತಿಂಗಳು ದಿನವೂ ಮಲಗುವ ಮುನ್ನ 15 ನಿಮಿಷ ಮಸಾಜ್ ಮಾಡಿದರು. ಇನ್ನೊಂದು ಗುಂಪಿಗೆ ಕಥೆ ಓದಿದರು. ಮಸಾಜ್ ಪಡೆದ ಮಕ್ಕಳಲ್ಲಿ ನಿದ್ದೆಯ ತೊಂದರೆ ಹೆಚ್ಚು ತಗ್ಗಿತು. ಶಾಲೆಯಲ್ಲಿ ಇತರರೊಂದಿಗೆ ಬೆರೆಯುವುದೂ ಸುಧಾರಿಸಿತು. ಅಮೆರಿಕದ ಆರೆಗಾನ್‌ನಲ್ಲಿ ವೈದ್ಯೆ ಲೂಯಿಸಾ ಸಿಲ್ವಾ, ಚೀನಾದ ಚಿಗಾಂಗ್ ಪದ್ಧತಿಯ ಮಸಾಜನ್ನು ಹೆತ್ತವರಿಗೆ ಕಲಿಸಿ, ಐದು ತಿಂಗಳ ಅಭ್ಯಾಸದ ನಂತರ ಸುಧಾರಣೆ ಕಂಡಿದ್ದಾಗಿ ವರದಿ ಮಾಡಿದರು.

ಆದರೆ 2011ರಲ್ಲಿ ಇಂಥ ಆರು ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದ ತಜ್ಞರು, ಗಟ್ಟಿ ತೀರ್ಮಾನಕ್ಕೆ ಪುರಾವೆ ಸಾಲದು ಎಂದರು. ಮಕ್ಕಳ ಸಂಖ್ಯೆ ಕಡಿಮೆ. ಮಸಾಜ್ ನಡೆಯುತ್ತಿರುವುದು ಗೊತ್ತಿದ್ದ ಹೆತ್ತವರೇ ಫಲಿತಾಂಶ ಹೇಳಿದಾಗ, ಅವರ ನಿರೀಕ್ಷೆಯೂ ಅದರಲ್ಲಿ ಸೇರಿಕೊಳ್ಳುತ್ತದೆ. ಹಾಗಾಗಿ ಮಸಾಜ್ ಆಟಿಸಂಗೆ ಮದ್ದಲ್ಲ. ನಿದ್ದೆಗೆ, ನೆಮ್ಮದಿಗೆ ನೆರವಾಗಬಹುದಾದ ಅಭ್ಯಾಸ, ಅಷ್ಟೆ.

ಮನೆಯಲ್ಲಿ ಮಾಡುವುದು ಹೇಗೆ?

1. ಮೊದಲು ವೈದ್ಯರನ್ನು ಕೇಳಿ. ಫಿಟ್ಸ್, ಚರ್ಮದ ಕಾಯಿಲೆ, ಕೀಲು ಅಥವಾ ಮೂಳೆಯ ತೊಂದರೆ ಇದ್ದರೆ ತಪ್ಪದೆ ತಿಳಿಸಿ. ಜ್ವರ ಬಂದ ದಿನ ಬೇಡ.

2. ಶುರು ಮಾಡುವ ಮೊದಲು ಒಂದು ವಾರ ಬರೆದಿಡಿ: ಮಲಗಿದ್ದು ಎಷ್ಟು ಗಂಟೆಗೆ, ನಿದ್ದೆ ಹತ್ತಿದ್ದು ಯಾವಾಗ, ರಾತ್ರಿ ಎಷ್ಟು ಸಲ ಎಚ್ಚರವಾಯಿತು.

3. ಹೊತ್ತು, ಜಾಗ ದಿನವೂ ಒಂದೇ ಇರಲಿ. ಮಾಡುವವರೂ ಒಬ್ಬರೇ ಆಗಿರಲಿ. ಟಿವಿ ಆರಿಸಿ, ಬೆಳಕು ತಗ್ಗಿಸಿ. ಊಟವಾದ ಕೂಡಲೇ ಬೇಡ.

4. ಹೇಳದೆ ಮುಟ್ಟಬೇಡಿ. ‘ಈಗ ಬೆನ್ನು, ಆಮೇಲೆ ಕಾಲು’ ಎಂದು ಹೇಳಿ. ಮಾತು ಬಾರದ ಮಗುವಿಗೆ ಚಿತ್ರ ತೋರಿಸಿ. ‘ಸಾಕು’ ಎನ್ನಲು ಒಂದು ಸನ್ನೆ ಕಲಿಸಿ, ಅದನ್ನು ಪ್ರತಿ ಸಲವೂ ಗೌರವಿಸಿ.

5. ಬಟ್ಟೆಯ ಮೇಲಿಂದಲೇ ಆರಂಭಿಸಿ. ಬೆರಳ ತುದಿಯ ಹಗುರ ಸ್ಪರ್ಶ ಕಚಗುಳಿಯಾಗಿ ಕೆಲವರನ್ನು ಕೆರಳಿಸುತ್ತದೆ. ಪೂರ್ತಿ ಅಂಗೈಯಿಟ್ಟು, ನೋಯದಷ್ಟು ಒತ್ತಿ, ನಿಧಾನ ನೀವಿ. ಮೊದಲ ದಿನಗಳಲ್ಲಿ ಎರಡು ನಿಮಿಷ ಸಾಕು. ಮಗು ಒಗ್ಗಿದಂತೆ 15 ನಿಮಿಷಕ್ಕೆ ಏರಿಸಿ.

6. ಬೆನ್ನು, ತೋಳು, ಕಾಲು, ಪಾದ: ಈ ಕ್ರಮ ಬದಲಿಸಬೇಡಿ. ಬೆನ್ನುಮೂಳೆ, ಕತ್ತು, ಹೊಟ್ಟೆಯ ಮೇಲೆ ಒತ್ತಬೇಡಿ. ಕೂಸಿಗೆ ಎಣ್ಣೆ-ನೀರು ಹಾಕುವಾಗ ಕೈಕಾಲು ಎಳೆದು ತಿಕ್ಕುವ ರೀತಿ ಇಲ್ಲಿ ಸಲ್ಲದು.

7. ಎಣ್ಣೆ ಕಡ್ಡಾಯವಲ್ಲ. ಜಿಗುಟು ಒಪ್ಪುವ ಮಗುವಾದರೆ ಸುವಾಸನೆ ಬೆರೆಸದ ಕೊಬ್ಬರಿ ಎಣ್ಣೆ ಬಳಸಬಹುದು. ಮೊದಲು ಮುಂಗೈಗೆ ತುಸು ಹಚ್ಚಿ, ತುರಿಕೆ ಏಳುತ್ತದೆಯೇ ಎಂದು ಒಂದು ದಿನ ಕಾದು ನೋಡಿ.

8. ಮೈ ಬಿಗಿಯಾದರೆ, ಕಿವಿ ಮುಚ್ಚಿಕೊಂಡರೆ, ಕೈ ತಳ್ಳಿದರೆ ನಿಲ್ಲಿಸಿ. ಹಿಡಿದು ಕೂರಿಸಿ ಮಾಡಬೇಡಿ.

9. ಒಂದು ತಿಂಗಳಾದ ಮೇಲೆ ಹಳೆಯ ಟಿಪ್ಪಣಿಯೊಂದಿಗೆ ಹೋಲಿಸಿ. ವ್ಯತ್ಯಾಸ ಕಾಣದಿದ್ದರೆ ಬಿಟ್ಟುಬಿಡಿ. ಆ ಹೊತ್ತನ್ನು ಕಥೆಗೋ ಆಟಕ್ಕೋ ಕೊಡಿ.

ಎಲ್ಲಿ ವಿಚಾರಿಸಬೇಕು?

ಸ್ಪೀಚ್ ಥೆರಪಿ, ಆಕ್ಯುಪೇಷನಲ್ ಥೆರಪಿಯನ್ನು ಮಸಾಜ್‌ಗಾಗಿ ನಿಲ್ಲಿಸಬಾರದು. ಆಕ್ಯುಪೇಷನಲ್ ಥೆರಪಿಸ್ಟ್ ಇದ್ದರೆ, ನಿಮ್ಮ ಮಗು ಎಂಥ ಸ್ಪರ್ಶ ಸಹಿಸುತ್ತದೆ ಎಂದು ಅವರೇ ನೋಡಿ ಹೇಳಬಲ್ಲರು. ತಪಾಸಣೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮತ್ತು ಬೆಂಗಳೂರಿನ ನಿಮ್ಹಾನ್ಸ್ ಇವೆ. ಉಳಿದೆಡೆ ಇರುವವರು ಜಿಲ್ಲಾ ಆಸ್ಪತ್ರೆಯ ಮಕ್ಕಳ ವಿಭಾಗದಲ್ಲಿ ವಿಚಾರಿಸಬಹುದು. ‘ಮಸಾಜ್‌ನಿಂದ ಆಟಿಸಂ ವಾಸಿ’ ಎಂದು ಪ್ಯಾಕೇಜ್ ಮಾರುವವರು ಸಿಕ್ಕರೆ ಹಣ ಕಟ್ಟಬೇಡಿ.