‘ನನ್ನಿಷ್ಟ’ ಎಂಬುದೇ ಸ್ವಾತಂತ್ರ್ಯವೇ?



“ಇದು ನನ್ನ ಬದುಕು, ನನ್ನಿಷ್ಟ” ಎನ್ನುತ್ತಾಳೆ ಮಗಳು. “ಈ ಮನೆಯಲ್ಲಿರುವ ತನಕ ನಾನು ಹೇಳಿದ್ದೇ ನಡೆಯಬೇಕು” ಎಂದು ಗುಡುಗುತ್ತಾರೆ ತಂದೆ. ತಾಯಿ ಇಬ್ಬರ ನಡುವೆ ಮೌನವಾಗಿ ಊಟ ಬಡಿಸುತ್ತಾರೆ. ನಮ್ಮ ಎಷ್ಟೋ ಕುಟುಂಬಗಳಲ್ಲಿ ಕಾಣುವ ದೃಶ್ಯವಿದು. ಆದರೆ ಸ್ವಾತಂತ್ರ್ಯ ಎಂದರೇನೆಂದು ಆ ತಂದೆಯನ್ನೂ ಮಗಳನ್ನೂ ಕೇಳಿ ನೋಡಿ, ಉತ್ತರ ಸುಲಭವಾಗಿ ಬಾರದು.

ನಾಡಿನ ಅತ್ಯುನ್ನತ ನ್ಯಾಯಾಲಯಕ್ಕೂ ಇದು ಸುಲಭವಾಗಿರಲಿಲ್ಲ. ನಮ್ಮ ಸಂವಿಧಾನದ 21ನೇ ವಿಧಿ ‘ವೈಯಕ್ತಿಕ ಸ್ವಾತಂತ್ರ್ಯ’ವನ್ನು ರಕ್ಷಿಸುತ್ತದೆ, ಆದರೆ ಅದರ ಅರ್ಥವನ್ನು ವಿವರಿಸುವುದಿಲ್ಲ. 1950ರಲ್ಲಿ ಎ. ಕೆ. ಗೋಪಾಲನ್ ಅವರ ಬಂಧನದ ಮೊಕದ್ದಮೆಯಲ್ಲಿ, ಕಾನೂನು ಹೇಳಿದ ಕ್ರಮವನ್ನು ಪಾಲಿಸಿದ್ದರೆ ಸಾಕು ಎಂದು ಸುಪ್ರೀಂ ಕೋರ್ಟು ತೀರ್ಪಿತ್ತಿತು. 1978ರಲ್ಲಿ ಮೇನಕಾ ಗಾಂಧಿಯವರ ಪಾಸ್‌ಪೋರ್ಟ್ ಪ್ರಕರಣದಲ್ಲಿ, ಆ ಕ್ರಮವು ನ್ಯಾಯಯುತವೂ ಆಗಿರಬೇಕು ಎಂದಿತು. 2017ರಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ, ಖಾಸಗಿತನವೂ ಅದರಲ್ಲಿ ಸೇರಿದೆ ಎಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಸಾರಿತು. ಪದ ಒಂದೇ, ಅರ್ಥ ಮಾತ್ರ ಬೆಳೆಯುತ್ತಾ ಬಂತು.

ಈ ಕಷ್ಟಕ್ಕೆ ಕಾರಣವೇನು? ಸ್ವಾತಂತ್ರ್ಯದಲ್ಲಿ ಎರಡು ಪ್ರಶ್ನೆಗಳು ಅಡಗಿವೆ. ನನ್ನನ್ನು ಯಾರು ತಡೆಯುತ್ತಿದ್ದಾರೆ ಎಂಬುದು ಒಂದು. ನಾನು ಯಾವುದಕ್ಕಾಗಿ ಸ್ವತಂತ್ರನು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಕಾನೂನು ನೆರವಾಗಬಹುದು. ಎರಡನೆಯದಕ್ಕೆ ನಮ್ಮ ನಮ್ಮ ಅಂತಃಕರಣವೇ ದೇವರ ಮುಂದೆ ಉತ್ತರಿಸಬೇಕು. ನಮ್ಮ ಮನೆಯ ಮಗಳು ಮೊದಲನೆಯದನ್ನು ಮಾತ್ರ ಕೇಳುತ್ತಾಳೆ. ತಂದೆಯಾದರೋ ಎರಡನೆಯದಕ್ಕೆ ಅವಳ ಪರವಾಗಿ ತಾವೇ ಉತ್ತರ ಕೊಟ್ಟುಬಿಡುತ್ತಾರೆ.

ಲೂಕನ ಶುಭಸಂದೇಶದ 15ನೇ ಅಧ್ಯಾಯದ ದುಂದುಗಾರ ಮಗನ ಸಾಮತಿಯನ್ನು ನೆನೆಯಿರಿ. ದೂರದ ನಾಡಿನಲ್ಲಿ ಅವನನ್ನು ತಡೆಯುವವರು ಯಾರೂ ಇರಲಿಲ್ಲ. ಆದರೂ ಕೊನೆಗೆ ಹಂದಿಗಳ ಮೇವಿಗೆ ಆಸೆಪಡುವ ಸ್ಥಿತಿ ಬಂತು. ಹಿರಿಯ ಮಗ ಮನೆಯಲ್ಲೇ ಇದ್ದ, ಮಾತು ಮೀರಲಿಲ್ಲ. ಆದರೆ ತಾನು ಗುಲಾಮನಂತೆ ದುಡಿದೆನೆಂದು ದೂರಿದ. ಹೊರಟವನೂ ಸ್ವತಂತ್ರನಲ್ಲ, ಉಳಿದವನೂ ಅಲ್ಲ! ತಂದೆಯಾದರೋ ಕಿರಿಯನನ್ನು ಕಟ್ಟಿಹಾಕಲಿಲ್ಲ. ಆದ್ದರಿಂದಲೇ ಅವನು ಮರಳಿ ಬಂದದ್ದು ಅವನದೇ ನಿರ್ಧಾರವಾಯಿತು.

ಧರ್ಮಸಭೆಯ ಬೋಧನೆಯೂ ಈ ಎರಡನ್ನೂ ಒಟ್ಟಿಗೆ ಹಿಡಿಯುತ್ತದೆ. ಮನಬಂದಂತೆ ನಡೆಯುವುದು ಸ್ವಾತಂತ್ರ್ಯವಲ್ಲ ಎಂದು 1965ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆ ಎಚ್ಚರಿಸಿತು; ಹೊರಗಿನ ಒತ್ತಡದಿಂದಲ್ಲ, ತಿಳಿದು ಸ್ವತಃ ಆರಿಸಿಕೊಂಡು ನಡೆಯುವುದೇ ಮಾನವ ಘನತೆಗೆ ತಕ್ಕದ್ದು ಎಂದೂ ಹೇಳಿತು. 1983ರ ಧರ್ಮಸಭೆಯ ಕಾನೂನು ಸಂಹಿತೆ ಇನ್ನೂ ಸ್ಪಷ್ಟ: ವಿವಾಹವಾಗಲಿ, ಗುರುದೀಕ್ಷೆಯಾಗಲಿ, ಸನ್ಯಾಸವಾಗಲಿ, ಜೀವನದ ಮಾರ್ಗವನ್ನು ಆರಿಸಿಕೊಳ್ಳುವಲ್ಲಿ ಯಾರ ಮೇಲೂ ಬಲವಂತ ಸಲ್ಲದು (ನಿಯಮ 219). ಬಲಾತ್ಕಾರದಿಂದಲೋ ತೀವ್ರ ಭಯದಿಂದಲೋ ಆದ ವಿವಾಹ ಸಿಂಧುವಲ್ಲ (ನಿಯಮ 1103). “ಮರ್ಯಾದೆ ಉಳಿಸು” ಎಂದು ಮಗಳನ್ನು ಬೆದರಿಸಿ ಪೀಠದ ಮುಂದೆ ನಿಲ್ಲಿಸುವ ಹೆತ್ತವರು ಇದನ್ನು ಮರೆಯಬಾರದು.

ಯುವಜನರೇ, ನಿಮಗೂ ಒಂದು ಮಾತು. 1941ರಲ್ಲಿ ಆಶ್‌ವಿಟ್ಜ್ ಸೆರೆಶಿಬಿರದಲ್ಲಿ ಮ್ಯಾಕ್ಸಿಮಿಲಿಯನ್ ಕೋಲ್ಬೆ ಎಂಬ ಗುರುಗಳಿಗೆ ಹೊರಗಿನ ಯಾವ ಸ್ವಾತಂತ್ರ್ಯವೂ ಉಳಿದಿರಲಿಲ್ಲ. ಆದರೂ ಹೆಂಡತಿ ಮಕ್ಕಳಿದ್ದ ಒಬ್ಬ ಕೈದಿಯ ಬದಲು ತಾವು ಸಾಯಲು ಮುಂದೆ ಬಂದರು. 1982ರಲ್ಲಿ ಅವರನ್ನು ಸಂತರೆಂದು ಘೋಷಿಸಲಾಯಿತು. ನಮ್ಮನ್ನು ತಡೆಯುವವರು ಇಲ್ಲದಿರುವಾಗ ನಾವು ಏನನ್ನು ಆರಿಸಿಕೊಳ್ಳುತ್ತಿದ್ದೇವೆ?

ಇಂದು ರಾತ್ರಿ ಪ್ರಾರ್ಥನೆಯ ನಂತರ ಹತ್ತು ನಿಮಿಷ ಒಟ್ಟಿಗೆ ಕುಳಿತುಕೊಳ್ಳಿ. ಹೆತ್ತವರು “ನಿನಗೆ ಏನು ಬೇಕು, ಏಕೆ ಬೇಕು?” ಎಂದು ಕೇಳಲಿ, ಮಗು ಹೇಳಿ ಮುಗಿಸುವವರೆಗೆ ಬಾಯಿ ತೆರೆಯದಿರಲಿ. ಮಕ್ಕಳೂ “ನನ್ನಿಷ್ಟ” ಎಂಬಲ್ಲಿಗೇ ನಿಲ್ಲದೆ ಕಾರಣವನ್ನು ಹೇಳಲಿ. ಸ್ವಾತಂತ್ರ್ಯದ ಅರ್ಥ ಒಂದೇ ದಿನದಲ್ಲಿ ಸಿಗಲಾರದು. ಆದರೆ ಅದನ್ನು ಕೂಡಿ ಹುಡುಕುವ ಮನೆಯಲ್ಲಿ ಭಯಕ್ಕೆ ಜಾಗವಿರದು.