ಹಸೆಮಣೆಯೂ ದಾಖಲಾತಿ ಪುಸ್ತಕವೂ

ಹಲಸೂರಿನ ನಮ್ಮ ಕೇರಿಯ ತಾಯಂದಿರು ಬೆಳಕು ಹರಿಯುವ ಮುನ್ನವೇ ಇಂದಿರಾನಗರದ ಮನೆಗೆಲಸಗಳಿಗೆ ಹೊರಟು ಹೊತ್ತು ಇಳಿದ ಮೇಲೆ ಮರಳತಕ್ಕವರಾದ್ದರಿಂದ, ಪ್ರಾಯಕ್ಕೆ ಬಂದ ಮಗಳು ಮನೆಯಲ್ಲಿ ಒಂಟಿಯಾಗಿರುವಳೆಂಬ ಭೀತಿ ಅವರನ್ನು ಸದಾ ಕೊರೆಯುತ್ತಿರುತ್ತದೆ; ಆ ಭೀತಿಗೆ ಅವರು ಕಂಡುಕೊಂಡ ಪರಿಹಾರವೇ ವಿವಾಹ. ಹುಡುಗಿ ಎಲ್ಲಿ ಬಸಿರಾದಾಳೋ ಎಂದು ಅಂಜಿ ಮದುವೆ ಮಾಡುವುದು, ಮದುವೆಯಾದ ವರ್ಷದೊಳಗೆ ಆಕೆ 16ರ ವಯಸ್ಸಿಗೇ ಬಸಿರಾಗುವುದು: ಈ ವಿಪರ್ಯಾಸವನ್ನು ಸ್ತ್ರೀಶಕ್ತಿ ಸಂಘದ ಕೂಟದಲ್ಲಿ ನಾನು ವಿವರಿಸಿದಾಗ ತಲೆದೂಗಿದವರೇ ಮರುವಾರ ಲಗ್ನಪತ್ರಿಕೆ ಹಂಚಿದ್ದುಂಟು.

ನೆರೆಮನೆಯ ಹುಡುಗಿಯನ್ನು ಸೋದರಮಾವನಿಗೇ ಕೊಡುವುದೆಂದು ನಿಶ್ಚಯವಾಗಿತ್ತು. ಮುಹೂರ್ತದ ಹಿಂದಿನ ಸಂಜೆ ನಾನು ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಿದೆನು. ಬಂದ ಅಧಿಕಾರಿ ಮಹಾಶಯರು ಚಪ್ಪರದಡಿಯಲ್ಲಿ ಕುರ್ಚಿ ಹಾಕಿಸಿಕೊಂಡು, ಮಾವ ನೀಡಿದ ಆಧಾರ್ ಚೀಟಿಯನ್ನೂ ಕಾಫಿಯನ್ನೂ ಏಕಕಾಲದಲ್ಲಿ ಸ್ವೀಕರಿಸಿ, "ಹದಿನೆಂಟು ತುಂಬಿದೆಯಲ್ಲಮ್ಮ, ಶುಭಕಾರ್ಯಕ್ಕೆ ಅಡ್ಡ ಬರಬಾರದು" ಎಂದು ನನಗೇ ಬುದ್ಧಿ ಹೇಳಿದರು. ಕೆನ್ನೆಗೆ ಅರಿಸಿನ ಬಳಿದುಕೊಂಡು ಕುಳಿತಿದ್ದ ಆ ಮಗು ತಲೆಯೆತ್ತಲಿಲ್ಲ. ನನ್ನ ಮನೆಯಲ್ಲಿ ಉಂಡ ಹೆಂಗಸರೇ, ಮಕ್ಕಳಿಲ್ಲದವಳಿಗೆ ಪರರ ಮಕ್ಕಳ ಚಿಂತೆಯೇಕೆ ಎಂದು ನನ್ನ ಕಿವಿಗೆ ಬೀಳುವಂತೆ ಆಡಿಕೊಂಡರು; ಆ ಮಾತಿನ ಗಾಯ ಇಂದಿಗೂ ಆರಿಲ್ಲ. ಅಷ್ಟರಲ್ಲಿ ಹುಡುಗಿಯ ಶಾಲೆಯ ಮುಖ್ಯೋಪಾಧ್ಯಾಯಿನಿಯವರು ದಾಖಲಾತಿ ಪುಸ್ತಕವನ್ನು ಸೆರಗಿನಡಿ ಮಳೆಗೆ ನೆನೆಯದಂತೆ ಹಿಡಿದು ಆಟೋದಿಂದಿಳಿದರು; ಅದರ ಪ್ರಕಾರ ಹುಡುಗಿಗೆ ಇನ್ನೂ ಹದಿನೆಂಟು ತುಂಬಿರಲಿಲ್ಲ. ವಯೋನಿರ್ಣಯಕ್ಕೆ 2015ರ ಬಾಲನ್ಯಾಯ ಕಾಯಿದೆಯ 94ನೆಯ ಕಲಮು ಮೊದಲು ಎಣಿಸುವುದು ಶಾಲೆಯ ಪ್ರಮಾಣಪತ್ರವನ್ನು, ಅದಿಲ್ಲದಿದ್ದರೆ ಪಾಲಿಕೆಯ ಜನನಪತ್ರವನ್ನು. ಆಧಾರಿನ ಹೆಸರು ಅಲ್ಲಿಲ್ಲ. ಇದನ್ನು ನಾನು ಹೇಳಬೇಕಾಗಿ ಬಂದದ್ದು, ಹೇಳತಕ್ಕವರು ಕಾಫಿ ಕುಡಿಯುತ್ತಿದ್ದುದರಿಂದ. ಕಡೆಗೆ ಮಹಜರು ಬರೆದು, ತಂದೆತಾಯಿಗಳಿಂದ ಮುಚ್ಚಳಿಕೆ ಬರೆಸಿಕೊಂಡರು.

ಬಾಲ್ಯವಿವಾಹ ನಿಷೇಧ ಕಾಯಿದೆಗೆ ಕರ್ನಾಟಕ ತಂದ 2016ರ ತಿದ್ದುಪಡಿಯಂತೆ ಬಾಲ್ಯವಿವಾಹವು ಮೂಲತಃ ಅಸಿಂಧು. ತಾಳಿ ಬಿದ್ದು ಬಸಿರಾದರಂತೂ, 2012ರ ಪೋಕ್ಸೋ ಕಾಯಿದೆಯ ಮೇರೆಗೆ ವೈದ್ಯರು ಪೊಲೀಸರಿಗೆ ತಿಳಿಸಲೇಬೇಕಾದ್ದರಿಂದ, ಗಂಡನ ಸೆರೆಗೆ ಹೆದರಿದ ಮನೆಯವರು ಗರ್ಭಿಣಿಯರ ತಪಾಸಣೆಯ ತಾಯಿ ಕಾರ್ಡನ್ನೂ ಮಾಡಿಸದೆ ಹುಡುಗಿಯನ್ನು ಒಳಗೇ ಇರಿಸುತ್ತಾರೆ. ರಕ್ತಹೀನತೆ ಗೊತ್ತಾಗುವುದು ಹೆರಿಗೆಯ ದಿನ.

ಆದುದರಿಂದ ಹುಡುಗಿಯರ ಶಾಲಾ ದಾಖಲೆಯ ಒಂದು ಪ್ರತಿಯನ್ನು ಸಂಘದಲ್ಲಿರಿಸಿಕೊಳ್ಳಿರಿ. ಚಪ್ಪರ ಏಳುವ ಮೊದಲೇ ದೂರು ಕೊಡಿರಿ. ತಾಯಿ ಮರಳುವವರೆಗೆ ಹುಡುಗಿಯರು ಕೂಡಿ ಓದಲು ಅಂಗನವಾಡಿಯ ಕೋಣೆಯನ್ನು ಕೇಳಿ ಪಡೆಯಿರಿ. ಓದು ಹತ್ತನೆಯ ತರಗತಿಗೇ ನಿಲ್ಲದಂತೆ ನೋಡಿಕೊಳ್ಳಿರಿ; ಅದನ್ನು ಮುಗಿಸಿ ಮನೆಯಲ್ಲಿ ಕುಳಿತವಳಿಗೇ ವರ ಬೇಗ ಹುಡುಕುವುದನ್ನು ಕಂಡಿದ್ದೇನೆ.

ನೆರೆಮನೆಯ ಆ ಹುಡುಗಿ ಈಗ ಪಿಯುಸಿ ಓದುತ್ತಿದ್ದಾಳೆ. ಅವಳ ತಾಯಿ ನನ್ನೊಡನೆ ಮಾತನಾಡುವುದಿಲ್ಲ. ಶಾಮಿಯಾನದ ಮುಂಗಡವನ್ನು ನಾನೇ ತೆರಬೇಕೆಂದು ಮಾವನ ವಾದ; ತೆರುವವಳಲ್ಲ.